ಕರ್ಮ ನಿಮ್ಮದು, ಬೋನಸ್ ನಮ್ಮದು

ಶಿರಸಿಯಲ್ಲಿ ಅಡಿಕೆ ದರ ಬಿದ್ದಾಗ ಎರಡು ಏಳುತ್ತವೆ. ಒಂದು, ಬೆಳೆಗಾರರ ಬಿಪಿ. ಇನ್ನೊಂದು, ನಾಯಕತ್ವ ತರಬೇತಿ ಶಿಬಿರ.

ಈ ಸಲ ನಮ್ಮ ಕಡೆಯ ಒಂದು ಸಹಕಾರಿ ಸಂಘ ಸಿಬ್ಬಂದಿಗೆಂದು ಶಿಬಿರ ಇಟ್ಟಿತ್ತು. ವಿಷಯ: ಗೀತೆ, ಚಾಣಕ್ಯ ಮತ್ತು ಇಂದಿನ ಲೀಡರ್‌ಶಿಪ್. ಬೆಂಗಳೂರಿನಿಂದ ಗುರುಗಳು ಬಂದಿದ್ದರು. ಕಾವಿಯ ಗುರುಗಳಲ್ಲ. ಮೇಲೆ ಖಾದಿ ಜುಬ್ಬಾ, ಕೆಳಗೆ ಜೀನ್ಸ್, ಕಿವಿಯಿಂದ ಬಾಯಿಯ ತನಕ ಮೈಕು. ಹಿಂದೆ ಇನ್ಶೂರೆನ್ಸ್ ಮಾರುತ್ತಿದ್ದರಂತೆ. ಸಾವಿನ ಬಗ್ಗೆ ಮಾತಾಡಿ ಅಭ್ಯಾಸ ಇದ್ದವರಿಗೆ ಆತ್ಮದ ಬಗ್ಗೆ ಮಾತಾಡುವುದು ಕಷ್ಟವಲ್ಲ.

ಮೊದಲ ಸಾಲಿನಲ್ಲಿ ನಿರ್ದೇಶಕರು, ಅತಿಥಿಗಳಾಗಿ ಬಂದ ಅಡಿಕೆ ವ್ಯಾಪಾರಿಗಳು. ನಡುವೆ ಮ್ಯಾನೇಜರುಗಳು. ಹಿಂದೆ ಗುಮಾಸ್ತರು, ಟೆಂಡರ್ ಬರೆಯುವ ಹುಡುಗರು, ಹಮಾಲರು. ಕೆಲವು ಶೇರುದಾರ ಸದಸ್ಯರು ಊಟದ ವಾಸನೆ ಹಿಡಿದು ತಾವಾಗಿಯೇ ಬಂದಿದ್ದರು.

ಮೊದಲ ಸ್ಲೈಡಿನಲ್ಲಿ ರಥ. ಕೃಷ್ಣನ ಪಕ್ಕ ಬಾಣದ ಗುರುತು ಹಾಕಿ ‘ಸಿಇಒ’ ಎಂದು ಬರೆದಿದ್ದರು. ಅರ್ಜುನನ ಪಕ್ಕ ‘ಎಂಪ್ಲಾಯಿ’. ಕುದುರೆಗಳ ಪಕ್ಕ ಏನೂ ಬರೆದಿರಲಿಲ್ಲ. ಹಮಾಲರು ಅದನ್ನು ಗಮನಿಸಿದರು.

ಎರಡನೇ ಸ್ಲೈಡು ಯಾವುದು ಎಂದು ನೀವೇ ಹೇಳಬಲ್ಲಿರಿ. ಎರಡನೇ ಅಧ್ಯಾಯ, 47ನೇ ಶ್ಲೋಕ. ಗೀತೆಯ 700 ಶ್ಲೋಕಗಳಲ್ಲಿ ಮ್ಯಾನೇಜ್‌ಮೆಂಟಿನವರ ಕಣ್ಣಿಗೆ ಬಿದ್ದದ್ದು ಇದೊಂದೇ. ಕೆಲಸದ ಮೇಲಷ್ಟೇ ನಿನಗೆ ಅಧಿಕಾರ, ಫಲದ ಮೇಲೆ ಇಲ್ಲ. ಗುರುಗಳು ಬಿಡಿಸಿ ಹೇಳಿದರು: ಇನ್‌ಕ್ರಿಮೆಂಟಿನ ಯೋಚನೆ ಬಿಟ್ಟವನಿಗೆ ಟೆನ್ಷನ್ ಇಲ್ಲ. ಓಟಿ ಕೇಳದವನೇ ಕರ್ಮಯೋಗಿ. ಮೊದಲ ಸಾಲು ಜೋರಾಗಿ ಚಪ್ಪಾಳೆ ತಟ್ಟಿತು. ಈ ವರ್ಷದ ಬೋನಸ್ ಉಳಿಯಿತಲ್ಲ!

ಇದೇ ಉಪದೇಶವನ್ನು ಒಮ್ಮೆ ಮರ ಹತ್ತಿ ಅಡಿಕೆ ಕೊನೆ ಕೊಯ್ಯುವ ಕೊನೆಗೌಡನಿಗೆ ಮಾಡಿ ನೋಡಿ. ಅವನು ಅಡಿಕೆ ಮರದ ತುದಿಯಲ್ಲಿರುವಾಗ ಕೆಳಗೆ ನಿಂತು, “ಹತ್ತುವುದಷ್ಟೇ ನಿನ್ನ ಅಧಿಕಾರ ಮಾರಾಯಾ, ಫಲದ ಆಸೆ ಬೇಡ” ಅನ್ನಿ. ಅವನು ವಾದ ಮಾಡುವುದಿಲ್ಲ. ಇಳಿದು ಪಕ್ಕದ ತೋಟಕ್ಕೆ ಹೋಗುತ್ತಾನೆ. ಕೊಯ್ಲಿನ ಹೊತ್ತಿಗೆ ಅವನ ಒಂದು ದಿನ ಸಿಗಬೇಕಾದರೆ ತೋಟದ ಯಜಮಾನನೇ ಅವನ ಅಂಗಳದಲ್ಲಿ ಕೈಮುಗಿದು ನಿಲ್ಲಬೇಕು. ಬಿಟ್ಟು ಹೋಗಬಲ್ಲವನಿಗೆ ಯಾರೂ ಶ್ಲೋಕ ಹೇಳುವುದಿಲ್ಲ, ಅಡ್ವಾನ್ಸ್ ಕೊಡುತ್ತಾರೆ. ಗೃಹಸಾಲದ ಕಂತು ಕಟ್ಟುತ್ತಿರುವವನಿಗೆ ಮಾತ್ರ ನಿಷ್ಕಾಮ ಕರ್ಮ.

ಗುರುಗಳ ಸ್ವಂತ ಕರ್ಮ ಅಷ್ಟೇನೂ ನಿಷ್ಕಾಮ ಆಗಿರಲಿಲ್ಲ ಬಿಡಿ. ಮಹಾಭಾರತಕ್ಕೆ 18 ಪರ್ವ, ಯುದ್ಧಕ್ಕೆ 18 ದಿನ, ಗೀತೆಗೆ 18 ಅಧ್ಯಾಯ, ತರಬೇತಿಯ ಬಿಲ್ಲಿಗೆ 18 ಪರ್ಸೆಂಟ್ ಜಿಎಸ್‌ಟಿ.

ಆದರೆ ಅವರು ಬಂದ ಊರು ಯಾವುದು ಎಂದು ಯಾರಾದರೂ ಮೊದಲೇ ಹೇಳಬೇಕಿತ್ತು. ಇದು ತಾಳಮದ್ದಳೆಯ ಸೀಮೆ. ವೇಷ ಇಲ್ಲ, ಕುಣಿತ ಇಲ್ಲ, ಭಾಗವತರ ಹಾಡು ಬಿಟ್ಟರೆ ಬರೀ ಮಾತು. ಕವಳ ಹಾಕುತ್ತಾ ರಾತ್ರಿಯಿಡೀ ಅದನ್ನು ಕೇಳುವ ಜನ ಇಲ್ಲಿದ್ದಾರೆ. ಸಂಧಾನಕ್ಕೆ ಬಂದ ಕೃಷ್ಣ ಒಂದು ಮಾತು ಸಡಿಲ ಬಿಟ್ಟರೆ ಎದುರಿಗೆ ಕೂತ ಕೌರವ ಅಲ್ಲೇ ಹಿಡಿಯುತ್ತಾನೆ. ಅದನ್ನು ಯಾರೂ ನೆಗೆಟಿವ್ ಆಟಿಟ್ಯೂಡ್ ಅನ್ನುವುದಿಲ್ಲ.

ಶೇರುದಾರರ ಸಾಲಿನಿಂದ ಒಬ್ಬ ನಿವೃತ್ತ ಮಾಸ್ತರು ಎದ್ದರು. ತಾಳಮದ್ದಳೆಯಲ್ಲಿ ಶಲ್ಯನಾಗಿ ಅರ್ಥ ಹೇಳುವುದಕ್ಕೆ, ಅಂದರೆ ಅವನ ಮಾತಾಡುವುದಕ್ಕೆ, ಊರಲ್ಲಿ ಹೆಸರಾದವರು.

“ಸರ್, ಒಂದು ಸಣ್ಣ ಸಂಶಯ. ರಥದಲ್ಲಿ ಕೃಷ್ಣ ಎಲ್ಲಿ ಕೂತಿದ್ದ?”

“ಮುಂದೆ! ಲೀಡರ್ ಯಾವಾಗಲೂ ಮುಂದೆ.”

“ಅಲ್ಲ, ಮುಂದೆ ಕೂರುವವನು ಡ್ರೈವರ್ ಅಲ್ವಾ? ಹಿಂದೆ ಕೂತವನು ಯಜಮಾನ. ಅಂದರೆ ಬುದ್ಧಿ ಹೇಳಿದ್ದು ಡ್ರೈವರು, ಕೇಳಿದ್ದು ಯಜಮಾನರು. ನಮ್ಮ ಅಧ್ಯಕ್ಷರು ಕಾರಿನಲ್ಲಿ ಹಾಗೆ ಕೇಳ್ತಾರಾ ಅಂತ ಸುಮ್ನೆ ಕೇಳಿದೆ.”

ಅಧ್ಯಕ್ಷರ ಡ್ರೈವರು ಬಾಗಿಲ ಹತ್ತಿರ ನಿಂತಿದ್ದ. ಅವನು ಮೇಲೆ ಫ್ಯಾನ್ ನೋಡತೊಡಗಿದ.

ಮಾಸ್ತರು ಕೂರಲಿಲ್ಲ. “ಇನ್ನೊಂದು. ಯುದ್ಧ ಶುರುವಾಗುವ ಹೊತ್ತಿಗೆ ಅರ್ಜುನ ಬಿಲ್ಲು ಕೆಳಗಿಟ್ಟ. ಕೃಷ್ಣ ಮೆಮೋ ಕೊಡಲಿಲ್ಲ. ಕೇಳಿದ್ದಕ್ಕೆಲ್ಲ ಉತ್ತರ ಹೇಳಿದ. ನಿನ್ನ ಮಾತು ಗೊಂದಲ ಹುಟ್ಟಿಸ್ತಿದೆ, ಒಂದೇ ದಾರಿ ಹೇಳು ಅಂತ ಮೂರನೇ ಅಧ್ಯಾಯದಲ್ಲಿ ಅರ್ಜುನ ಎದುರಿಗೇ ಹೇಳ್ತಾನೆ. ಆದರೂ ಸಿಟ್ಟು ಮಾಡಲಿಲ್ಲ. ಎಲ್ಲ ಮುಗಿದ ಮೇಲೆ, ಹದಿನೆಂಟನೇ ಅಧ್ಯಾಯದಲ್ಲಿ, ಪೂರ್ತಿ ವಿಚಾರ ಮಾಡಿ ನಿನಗೆ ಇಷ್ಟ ಬಂದ ಹಾಗೆ ಮಾಡು ಅಂದ. ಆ ಸ್ಲೈಡು ಯಾವಾಗ ಬರ್ತದೆ?”

ಗುರುಗಳು ಒಳ್ಳೆಯ ಪ್ರಶ್ನೆ ಅಂದರು. ಟೀ ಆದ ಮೇಲೆ ನೋಡೋಣ ಅಂದರು. ಪಕ್ಕದಲ್ಲಿ ಕೂತವರು ನನ್ನ ಕಿವಿಯಲ್ಲಿ, “ಇಂವ ಉತ್ತರಕುಮಾರನ ಪಾರ್ಟು ಚೊಲೋ ಮಾಡ್ತ” ಎಂದರು.

ನನಗಂತೂ ಸ್ಲೈಡಿನಲ್ಲಿ ಶಲ್ಯ ಕಾಣದೆ ಬೇಜಾರಾಯಿತು. ಆಫೀಸುಗಳಲ್ಲಿ ಕೃಷ್ಣ ಸಿಗುವುದು ಅಪರೂಪ. ಶಲ್ಯ ಮಾತ್ರ ಟೇಬಲ್ಲಿಗೆ ಒಬ್ಬ. ಕರ್ಣನ ರಥ ಓಡಿಸುತ್ತಲೇ ‘ಅರ್ಜುನನ ಮುಂದೆ ನೀನೆಷ್ಟರವನು’ ಎಂದು ದಾರಿಯುದ್ದಕ್ಕೂ ಚುಚ್ಚಿದ ಮಹಾನುಭಾವ. ಈಗ ಅದನ್ನು ವರ್ಷಕ್ಕೊಮ್ಮೆ, ಫಾರ್ಮ್ ತುಂಬಿಸಿ ಮಾಡುತ್ತಾರೆ. ಅಪ್ರೈಸಲ್ ಅಂತಾರೆ.

ಟೀ ಆದ ಮೇಲೆ ಪ್ರಶ್ನೆ ಬರಲಿಲ್ಲ, ಚಾಣಕ್ಯ ಬಂದ. ಅದೂ ವಾಟ್ಸ್ಯಾಪಿನ ಚಾಣಕ್ಯ: ಸೂರ್ಯೋದಯದ ಫೋಟೋ, ಮೇಲೆ ಜುಟ್ಟು, ಕೆಳಗೆ ಯಾರು ಬೇಕಾದರೂ ಹೇಳಬಹುದಾದ ಒಂದು ಮಾತು. ಇನ್ನೊಬ್ಬ ಚಾಣಕ್ಯ ಇದ್ದಾನೆ, ಅರ್ಥಶಾಸ್ತ್ರದವನು. ಆ ಗ್ರಂಥ ಎಷ್ಟೋ ಶತಮಾನ ಜನರ ಕಣ್ಣಿಗೆ ಬಿದ್ದಿರಲಿಲ್ಲ. ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿದ್ದ ಆರ್. ಶಾಮಶಾಸ್ತ್ರಿಗಳ ಕೈಗೆ ತಾಳೆಗರಿಯ ಪ್ರತಿ ಸಿಕ್ಕಿತು. 1909ರಲ್ಲಿ ಅಚ್ಚು ಹಾಕಿದರು, 1915ರಲ್ಲಿ ಇಂಗ್ಲಿಷಿಗೆ ತಂದರು. ನಮ್ಮದೇ ರಾಜ್ಯದಲ್ಲಿ ಬೆಳಕು ಕಂಡ ಪುಸ್ತಕ. ಅದನ್ನು ತೆರೆಯದೆಯೇ ಕಲಿಸುವ ವಿದ್ಯೆಯೂ ನಮ್ಮದೇ ರಾಜ್ಯದ್ದು.

“ಚಾಣಕ್ಯ ಹೇಳಿದ ಪ್ರಕಾರ ಮೂರು ಗಂಟೆ ನಿದ್ದೆ ಸಾಕು. ನಾವು ವಾರಕ್ಕೆ 70 ಗಂಟೆ ದುಡಿಯಿರಿ ಅಂದರೆ ಅಳುತ್ತೇವೆ!” ಎಂದರು ಗುರುಗಳು. ಮೂರು ಗಂಟೆಯ ಮಾತು ಪುಸ್ತಕದಲ್ಲಿ ಇದೆ, ನಿಜ. ಹಗಲಿಗೆ ಎಂಟು ಭಾಗ, ರಾತ್ರಿಗೆ ಎಂಟು ಭಾಗ, ಅದರಲ್ಲಿ ನಿದ್ದೆಗೆ ಎರಡು. ಆದರೆ ಅದು ರಾಜನ ಟೈಮ್‌ಟೇಬಲ್ಲು, ಗುಮಾಸ್ತನದ್ದಲ್ಲ. ಎಚ್ಚರ ಇರಬೇಕಾದವರು ಮೊದಲ ಸಾಲಿನಲ್ಲಿ ಕೂತವರು. ಅವರಲ್ಲಿ ಇಬ್ಬರು ಆಗ ಚೆನ್ನಾಗಿ ನಿದ್ದೆ ಮಾಡುತ್ತಿದ್ದರು. ಹಗಲಿನ ಎರಡನೇ ಭಾಗ ಜನರ ಅಹವಾಲಿಗೆ ಮೀಸಲು, ಬಂದವರನ್ನು ಬಾಗಿಲಲ್ಲಿ ಕಾಯಿಸಬಾರದು ಎಂದೂ ಅಲ್ಲೇ ಇದೆ. ಸಾಲದ ಅರ್ಜಿ ಹಿಡಿದು ಕಾದವರಿಗೆ ಇದನ್ನು ಯಾರೂ ಹೇಳಿರಲಿಕ್ಕಿಲ್ಲ.

ಚಾಣಕ್ಯ ಬಡವರ ಬಂಧು ಅಂತೇನೂ ಅಲ್ಲ. ಮಂತ್ರಿಗೆ 48,000 ಪಣ, ದನ ನೋಡಿಕೊಳ್ಳುವ ಆಳಿಗೆ 60 ಪಣ ಎಂದು ಬರೆದ ಮನುಷ್ಯ. ಆದರೆ ಸಂಬಳ ಕೊಡದ ಯಜಮಾನನಿಗೆ ದಂಡ ಹಾಕು ಎಂದವನೂ ಅವನೇ. ಕೆಲಸದಲ್ಲಿ ಸತ್ತವನ ಹೆಂಡತಿ ಮಕ್ಕಳಿಗೆ ಅನ್ನ, ಸಂಬಳ ಕೊಡು ಎಂದವನೂ ಅವನೇ. ವ್ಯಾಪಾರಕ್ಕೆ ಬಂದರೆ ಇನ್ನೂ ಖಾರ. ಊರ ಮಾಲಿಗೆ ಲಾಭ ನೂರಕ್ಕೆ 5, ಹೊರದೇಶದ ಮಾಲಿಗೆ 10, ಅಷ್ಟೇ. ವ್ಯಾಪಾರಿಗಳು ಒಟ್ಟಾಗಿ ಮಾಲು ತಡೆದು ದರದಲ್ಲಿ ಆಟ ಆಡಿದರೆ 1,000 ಪಣ ದಂಡ. ಈ ಸಾಲನ್ನು ಅಡಿಕೆ ಟೆಂಡರಿನ ದಿನ ಓದಬೇಕು. ಓದುವವರು ಯಾರು? ಶಿಬಿರದ ಊಟಕ್ಕೆ ದುಡ್ಡು ಕೊಟ್ಟವರೇ ವ್ಯಾಪಾರಿಗಳು.

ಊಟದ ಮೊದಲು ಗುರುಗಳು ಲೋಕಲ್ ಟಚ್ ಕೊಟ್ಟರು. ಕದಂಬರ ಮಯೂರಶರ್ಮ ಓದಲು ಕಂಚಿಗೆ ಹೋಗಿ, ಅಲ್ಲಿ ಜಗಳವಾಗಿ, ಶಾಸ್ತ್ರ ಬಿಟ್ಟು ಶಸ್ತ್ರ ಹಿಡಿದ ಕತೆ ತಾಳಗುಂದದ ಶಾಸನದಲ್ಲಿದೆ. ಹಾಗಾಗಿ ಬನವಾಸಿ ಕರ್ನಾಟಕದ ಮೊದಲ ಸ್ಟಾರ್ಟಪ್, ಮಯೂರ ಮೊದಲ ಡ್ರಾಪ್‌ಔಟ್ ಫೌಂಡರ್. ಪಲ್ಲವರು ವೆಂಚರ್ ಕ್ಯಾಪಿಟಲ್ ಕೊಟ್ಟರು ಎನ್ನುವ ತನಕ ಹೋಗಲಿಲ್ಲ, ಪುಣ್ಯ.

ಕೊನೆಗೆ ಮುಕ್ತ ಚರ್ಚೆ. ಕ್ಯಾಶ್ ಕೌಂಟರಿನ ಹುಡುಗಿ ಮೈಕು ಹಿಡಿದಳು. “ಸರ್, ನಮ್ಮಲ್ಲಿ ಬ್ರಹ್ಮಚರ್ಯ, ಗೃಹಸ್ಥ, ವಾನಪ್ರಸ್ಥ, ಸಂನ್ಯಾಸ ಅಂತ ನಾಲ್ಕು ಆಶ್ರಮ ಇದೆ ಅಲ್ವಾ? ಲೀಡರ್‌ಶಿಪ್ಪಿನಲ್ಲಿ ವಾನಪ್ರಸ್ಥ ಯಾವಾಗ ಬರ್ತದೆ?”

ಮೊದಲ ಸಾಲಿನಲ್ಲಿ ನಿದ್ದೆ ಮಾಡುತ್ತಿದ್ದವರೂ ಎದ್ದು ಕೂತರು. ಗುರುಗಳು ನೀರು ಕುಡಿದರು. ಎಂಬತ್ತರ ಹತ್ತಿರದ ಒಬ್ಬ ಹಿರಿಯ ನಿರ್ದೇಶಕರೇ ಮೈಕು ತೆಗೆದುಕೊಂಡರು.

“ತಂಗೀ, ನನಗೆ ಹೋಗುವ ಆಸೆ ಯಾವಾಗಲೋ ಇತ್ತು. ಕಾಡೇನು ದೂರವಾ? ಆದರೆ ಈಗ ಅಲ್ಲಿ ಗುಡಿಸಲು ಹಾಕಿದರೆ ಅರಣ್ಯ ಅತಿಕ್ರಮಣ ಅಂತ ಕೇಸು ಬೀಳ್ತದೆ. ಅದಕ್ಕೇ ಇನ್ನೊಂದು ಅವಧಿಗೆ ನಾಮಪತ್ರ ಹಾಕಿದ್ದೇನೆ.”