ಸೋತ ಮೇಲೆ ಎಲ್ಲಿಗೆ ಹೋದ್ರು?

ಕೆಲವು ವರ್ಷಗಳ ಹಿಂದೆ ಒಬ್ಬ ಅಭ್ಯರ್ಥಿಯ ಪರವಾಗಿ ಮನೆಮನೆ ಪ್ರಚಾರಕ್ಕೆ ಹೋಗಿದ್ದೆ. ಕೈತುಂಬ ಕರಪತ್ರ, ಎದೆ ತುಂಬ ಹುಮ್ಮಸ್ಸು. ಬಾಗಿಲ ಬಳಿ ಕೂತಿದ್ದ ಅಜ್ಜಿಯೊಬ್ಬರು ಕರಪತ್ರ ಇಸಿದುಕೊಂಡು, ಅದರಲ್ಲಿದ್ದ ಫೋಟೋವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. "ಇವರು ಹೋದ ಸಲಾನೂ ನಿಂತಿದ್ರಲ್ವಾ? ಸೋತ ಮೇಲೆ ಎಲ್ಲಿಗೆ ಹೋದ್ರಪ್ಪಾ?" ಅಂದರು. ಕೋಪದಿಂದ ಕೇಳಿದ್ದಲ್ಲ, ನಿಜವಾಗಿಯೂ ತಿಳ್ಕೊಳ್ಳೋಕೆ ಕೇಳಿದ್ದು. ನನ್ನ ಬಾಯಿಂದ ಉತ್ತರ ಹೊರಡಲಿಲ್ಲ. ಅಜ್ಜಿ ಕರಪತ್ರವನ್ನು ನೀಟಾಗಿ ಮಡಚಿ ನನಗೇ ವಾಪಸ್ ಕೊಟ್ಟರು. ಆ ಚುನಾವಣೆಯನ್ನೂ ನಾವು ಸೋತೆವು.

ಹಣ ಇದ್ದರೆ ಗೆಲ್ಲಬಹುದು, ಹೆಸರಿದ್ದರೆ ಗೆಲ್ಲಬಹುದು, ಅಲೆ ಇದ್ದರೆ ಯಾರು ನಿಂತರೂ ಗೆಲ್ಲುತ್ತಾರೆ ಎಂಬ ಮಾತು ಎಲ್ಲ ಕಡೆ ಕೇಳಿಬರುತ್ತದೆ. ಅದು ಪೂರ್ತಿ ಸುಳ್ಳೇನಲ್ಲ. ಆದರೂ ಆ ದಿನದಿಂದ ಯಾವುದೇ ಚುನಾವಣೆ ಬಂದರೂ ನಾನು ಮೊದಲು ನೋಡುವುದು ಒಂದನ್ನೇ. ಹೋದ ಸೋಲಿಗೂ ಈ ಚುನಾವಣೆಗೂ ನಡುವೆ ಈ ಮನುಷ್ಯ ಎಲ್ಲಿದ್ದ? ಒಬ್ಬರ ಛಲ, ಬದ್ಧತೆ ಎರಡೂ ಗೊತ್ತಾಗುವುದು ಅಲ್ಲೇ.

ಬ್ರೆಜಿಲ್‌ನ ಲುಲಾ ಡ ಸಿಲ್ವಾ ಅವರನ್ನೇ ನೋಡಿ. ಬಡತನದಲ್ಲಿ ಹುಟ್ಟಿ, ಲೋಹದ ಕಾರ್ಖಾನೆಯಲ್ಲಿ ದುಡಿದು, ಕಾರ್ಮಿಕ ಸಂಘದ ನಾಯಕರಾದವರು. 1989ರಲ್ಲಿ ಅಧ್ಯಕ್ಷ ಸ್ಥಾನಕ್ಕೆ ನಿಂತು, ಮೊದಲಿಬ್ಬರ ನಡುವೆ ನಡೆಯುವ ಎರಡನೇ ಸುತ್ತಿನಲ್ಲಿ ಸೋತರು. ಆಮೇಲೆ ಅವರು ಮಾಡಿದ ಒಂದು ಕೆಲಸ ನನಗೆ ತುಂಬಾ ಇಷ್ಟ. ಅವರು ಏಳು ವರ್ಷದ ಹುಡುಗನಾಗಿದ್ದಾಗ, 1952ರಲ್ಲಿ, ತಾಯಿ ಮಕ್ಕಳನ್ನೆಲ್ಲ ಲಾರಿ ಹತ್ತಿಸಿಕೊಂಡು ಈಶಾನ್ಯದ ಬರಪೀಡಿತ ಸೀಮೆಯಿಂದ ಸಾವ್ ಪಾಲೊ ಕಡೆಗೆ ಗುಳೆ ಹೊರಟಿದ್ದರು. ಹದಿಮೂರು ದಿನದ ದಾರಿ. 1993ರಲ್ಲಿ ಲುಲಾ ಅದೇ ದಾರಿ ಹಿಡಿದು ಯಾತ್ರೆ ಹೊರಟರು. ಚಿಕ್ಕ ಚಿಕ್ಕ ಊರುಗಳಲ್ಲಿ ಇಳಿದು ಜನರ ಕಷ್ಟ ಕೇಳಿದರು. ಮುಂದೆ ದೇಶದ ಬೇರೆ ಭಾಗಗಳಿಗೂ ಅಂಥ ಯಾತ್ರೆಗಳು ನಡೆದವು.

ಇಷ್ಟೆಲ್ಲ ಮಾಡಿಯೂ 1994ರಲ್ಲಿ ಅವರು ಮೊದಲ ಸುತ್ತಿನಲ್ಲೇ ಸೋತರು. 1998ರಲ್ಲೂ ಅಷ್ಟೇ. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಕೈ ಚೆಲ್ಲುತ್ತಿದ್ದರು. 2002ರಲ್ಲಿ ಮತ್ತೆ ನಿಂತಾಗ ಲುಲಾ ಸುಮಾರು ಶೇ. 61 ಮತ ಪಡೆದು ಗೆದ್ದರು. ಅಷ್ಟು ಹೊತ್ತಿಗೆ ಅವರೂ ಬದಲಾಗಿದ್ದರು. ಬಟ್ಟೆ ಉದ್ಯಮಿಯೊಬ್ಬರನ್ನು ಉಪಾಧ್ಯಕ್ಷ ಸ್ಥಾನಕ್ಕೆ ಜೊತೆಗೆ ಕರೆದುಕೊಂಡರು. ಹಿಂದಿನ ಒಪ್ಪಂದಗಳನ್ನು ಮುರಿಯುವುದಿಲ್ಲ ಎಂದು ದೇಶಕ್ಕೆ ಬಹಿರಂಗ ಪತ್ರ ಬರೆದರು. ಇದು ರಾಜಿ ಅಂತ ಬೈದವರಿದ್ದಾರೆ. ನನಗೆ ಹಾಗೆ ಅನಿಸುವುದಿಲ್ಲ. ಬಡವರ ಹೊಟ್ಟೆ ತುಂಬಬೇಕು ಅನ್ನುವ ಮಾತನ್ನು ಅವರು ಬಿಡಲಿಲ್ಲ. ಮೂರು ಸೋಲಿನಿಂದ ಕಲಿತಿದ್ದನ್ನು ಬಳಸಿಕೊಂಡರು ಅಷ್ಟೇ. ಛಲ ಅಂದರೆ ಅದೇ ಗೋಡೆಗೆ ಮತ್ತೆ ಮತ್ತೆ ತಲೆ ಚಚ್ಚಿಕೊಳ್ಳಬೇಕು ಅಂತೇನಿಲ್ಲವಲ್ಲ.

ಜಾಂಬಿಯಾದ ಹಕೈಂಡೆ ಹಿಚಿಲೆಮಾ ಅವರದು ಇನ್ನೂ ಕಷ್ಟದ ದಾರಿ. 2006, 2008, 2011, 2015, 2016, ಹೀಗೆ ಅಧ್ಯಕ್ಷ ಚುನಾವಣೆಯಲ್ಲಿ ಐದು ಸಲ ಸೋಲು. 2016ರಲ್ಲಿ ಗೆಲುವು ತಪ್ಪಿದ್ದು ಸುಮಾರು ಒಂದು ಲಕ್ಷ ಮತದಿಂದ. ಮರುವರ್ಷ ದೇಶದ್ರೋಹದ ಆರೋಪ ಹೊರಿಸಿ ನಾಲ್ಕು ತಿಂಗಳು ಜೈಲಿನಲ್ಲಿಟ್ಟರು. ಆಮೇಲೆ ಆರೋಪ ಕೈಬಿಟ್ಟರು. 2020ರಲ್ಲಿ ಆ ದೇಶ ವಿದೇಶಿ ಸಾಲದ ಕಂತು ಕಟ್ಟಲಾಗದ ಸ್ಥಿತಿಗೆ ಬಂತು, ಜನ ಸರ್ಕಾರದ ಮೇಲೆ ಬೇಸತ್ತಿದ್ದರು. 2021ರಲ್ಲಿ ಹಿಚಿಲೆಮಾ ಸುಮಾರು ಹತ್ತು ಲಕ್ಷ ಮತಗಳ ಅಂತರದಲ್ಲಿ ಗೆದ್ದರು. "ಅದು ಸರ್ಕಾರದ ವಿರುದ್ಧದ ಅಲೆ" ಅನ್ನಬಹುದು. ಹೌದು, ಅಲೆ ಇತ್ತು. ಆದರೆ ಅದು ಯಾವಾಗ ಬರುತ್ತೆ ಅಂತ ಯಾರಿಗೂ ಮೊದಲೇ ಗೊತ್ತಿರಲಿಲ್ಲ. ಐದನೇ ಸೋಲಿನ ನಂತರ ಅವರು ಮನೆಗೆ ಹೋಗಿ ಕೂತಿದ್ದರೆ ಆ ಮತಗಳು ಇನ್ಯಾರ ಪಾಲಾಗುತ್ತಿದ್ದವೋ.

ಛಲ ಇದ್ದವರೆಲ್ಲ ಗೆದ್ದೇ ಗೆಲ್ಲುತ್ತಾರೆ ಅಂತ ನಾನು ಹೇಳಿದರೆ ಅದು ಮೋಸ. ಕೀನ್ಯಾದ ರೈಲಾ ಒಡಿಂಗಾ ಐದು ಸಲ ಅಧ್ಯಕ್ಷ ಸ್ಥಾನಕ್ಕೆ ನಿಂತರು, ಒಮ್ಮೆಯೂ ಆ ಕುರ್ಚಿ ಸಿಗಲಿಲ್ಲ. ಆದರೂ ಅಧಿಕಾರವನ್ನು ಜಿಲ್ಲೆಗಳಂಥ ಕೌಂಟಿಗಳಿಗೆ ಹಂಚಿದ 2010ರ ಹೊಸ ಸಂವಿಧಾನದ ಹಿಂದೆ ಅವರ ದೊಡ್ಡ ದುಡಿಮೆ ಇದೆ.

ಇನ್ನು ಬದ್ಧತೆ. ವೇದಿಕೆ ಮೇಲಿನ ಭಾಷಣ ಕೇಳಿ ಅದನ್ನು ಅಳೆಯಲು ಆಗುವುದಿಲ್ಲ. ಅದು ಕಾಣಿಸುವುದು ತುಂಬಾ ಬೇಸರದ ಕೆಲಸಗಳಲ್ಲಿ. ಮತದಾರರ ಪಟ್ಟಿಯನ್ನು ಪುಟಪುಟ ತಿರುವಿ ಯಾರ ಹೆಸರು ಬಿಟ್ಟುಹೋಗಿದೆ ಅಂತ ಹುಡುಕುವುದು. ಹದಿನೆಂಟು ತುಂಬಿದವರಿಂದ ಅರ್ಜಿ ಹಾಕಿಸುವುದು. ಹೋದ ಸಲದ ಬೂತ್‌ವಾರು ಲೆಕ್ಕ ಮುಂದಿಟ್ಟುಕೊಂಡು ಎಲ್ಲಿ ಕಡಿಮೆ ಬಂತು, ಯಾಕೆ ಬಂತು ಅಂತ ನೋಡುವುದು. ಇದಕ್ಕೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ.

ಒಂದೊಂದು ಮತಕ್ಕೆ ಇಷ್ಟು ಒದ್ದಾಡಬೇಕಾ ಅಂತ ಕೇಳಬಹುದು. 2004ರಲ್ಲಿ ಸಂತೆಮರಹಳ್ಳಿ ವಿಧಾನಸಭಾ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಗೆದ್ದಿದ್ದು ಒಂದೇ ಒಂದು ಮತದಿಂದ. 40,752 ಮತ್ತು 40,751. 2008ರಲ್ಲಿ ರಾಜಸ್ಥಾನದ ನಾಥದ್ವಾರದಲ್ಲಿ ಸಿ.ಪಿ. ಜೋಶಿ ಸೋತಿದ್ದೂ ಒಂದೇ ಮತದಿಂದ. 1998ರಲ್ಲಿ ಅಮೆರಿಕದ ನ್ಯೂ ಹೇವನ್ ನಗರದಲ್ಲಿ ಅಲನ್ ಗರ್ಬರ್ ಮತ್ತು ಡೊನಾಲ್ಡ್ ಗ್ರೀನ್ ಎಂಬ ಇಬ್ಬರು ಪ್ರಾಧ್ಯಾಪಕರು ಜನರನ್ನು ಮತಗಟ್ಟೆಗೆ ಕರೆತರಲು ಯಾವುದು ಕೆಲಸ ಮಾಡುತ್ತದೆ ಅಂತ ನೋಡಲು ಸುಮಾರು 30,000 ಮತದಾರರ ನಡುವೆ ಒಂದು ಪ್ರಯೋಗ ಮಾಡಿದರು. ಬಾಗಿಲಿಗೆ ಹೋಗಿ ಎದುರೆದುರು ಮಾತಾಡಿದ ಕಡೆ ಮತದಾನ ಚೆನ್ನಾಗಿ ಹೆಚ್ಚಿತು. ಅಂಚೆಯಿಂದ ಸ್ವಲ್ಪ ಮಾತ್ರ ಪ್ರಯೋಜನವಾಯಿತು. ಫೋನ್ ಕರೆಯಿಂದ ಏನೂ ಆಗಲಿಲ್ಲ. ಅಜ್ಜಿಗೆ ಈ ಅಧ್ಯಯನ ಗೊತ್ತಿರಲಿಲ್ಲ, ಆದರೆ ವಿಷಯ ಗೊತ್ತಿತ್ತು.

ಆಮೇಲೆ ನಾನು ಬೇರೊಬ್ಬ ಅಭ್ಯರ್ಥಿಯ ಜೊತೆ ಕೆಲಸ ಮಾಡಿದೆ. ಅವರೂ ಸೋತರು. ಮರುದಿನ ಬೆಳಿಗ್ಗೆ ಸುಮ್ನೆ ಸಮಾಧಾನ ಹೇಳಿ ಬರೋಣ ಅಂತ ಅವರ ಕಚೇರಿಗೆ ಹೋದೆ. ಬಾಡಿಗೆ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದರು, ನೆಲದ ಮೇಲೆ ಹರಿದ ಬ್ಯಾನರ್. ಅವರು ಮೂಲೆಯ ಮೇಜಿನ ಮುಂದೆ ಒಬ್ಬರೇ ಕೂತಿದ್ದರು, ಎದುರಿಗೆ ಒಂದು ನೋಟ್‌ಬುಕ್. ಪ್ರಚಾರದ ಹೊತ್ತಿನಲ್ಲಿ ಜನ ಹೇಳಿಕೊಂಡಿದ್ದ ತೊಂದರೆಗಳನ್ನೆಲ್ಲ ಅದರಲ್ಲಿ ಹೆಸರಿನ ಸಮೇತ ಬರೆದುಕೊಂಡಿದ್ದರು. ನಿಂತುಹೋದ ಪಿಂಚಣಿ, ಬಾರದ ನೀರು, ಸಿಗದ ದಾಖಲೆ. ಕಣ್ಣು ಕೆಂಪಾಗಿತ್ತು, ರಾತ್ರಿ ಮಲಗಿರಲಿಲ್ಲ ಅಂತ ಕಾಣುತ್ತೆ. ನಾನು ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವರೇ ನೋಟ್‌ಬುಕ್ಕನ್ನು ನನ್ನ ಕಡೆ ತಿರುಗಿಸಿದರು.

"ಈ ಪಿಂಚಣಿ ಅರ್ಜಿಗಳು ಹನ್ನೊಂದಿವೆ. ಸೋಮವಾರ ನಿಮಗೆ ಬಿಡುವಿದೆಯಾ?"