ಬಾಂಬ್ ಬಿದ್ದರೆ ಡೆಸ್ಕಿನ ಕೆಳಗೆ ತೂರಿಕೊಳ್ಳಿ

ಬರ್ಟ್ ಅಂತ ಒಂದು ಆಮೆ. ತಲೆಗೊಂದು ಹೆಲ್ಮೆಟ್ಟು, ಕತ್ತಿಗೊಂದು ಬೋ ಟೈ. ತನ್ನ ಪಾಡಿಗೆ ತಾನು ಹೂವು ಮೂಸಿಕೊಂಡು ಬರುತ್ತಿರುತ್ತದೆ. ಅಷ್ಟರಲ್ಲಿ ಒಂದು ಕೋತಿ ಕಡ್ಡಿಗೆ ಪಟಾಕಿ ಕಟ್ಟಿ ಅದರ ತಲೆ ಹತ್ತಿರ ಇಳಿಬಿಡುತ್ತದೆ. ಆಮೆ ತಟ್ಟನೆ ಚಿಪ್ಪಿನೊಳಗೆ. ಢಂ! ಆಮೆಗೆ ಏನೂ ಆಗಿಲ್ಲ. ನೋಡಿದ್ರಾ ಮಕ್ಕಳೇ, ಅಣುಬಾಂಬ್ ಬಿದ್ದಾಗ ನೀವೂ ಹೀಗೇ ಮಾಡಬೇಕು.

ಇದು ತಮಾಷೆಗೆ ಮಾಡಿದ ಕಾರ್ಟೂನ್ ಅಲ್ಲ. 1951ರಲ್ಲಿ ಅಮೆರಿಕದ ಸರ್ಕಾರವೇ ಮಾಡಿಸಿ, ಶಾಲೆ ಶಾಲೆಗೆ ಕಳಿಸಿ ತೋರಿಸಿದ ಸಿನಿಮಾ. 1949ರ ಆಗಸ್ಟಿನಲ್ಲಿ ರಷ್ಯಾದವರೂ ಅಣುಬಾಂಬ್ ಸಿಡಿಸಿಬಿಟ್ಟಿದ್ದರು. ಅಲ್ಲಿವರೆಗೆ ಬಾಂಬು ಹಾಕುವವರು ತಾವೊಬ್ಬರೇ ಅಂದುಕೊಂಡಿದ್ದವರಿಗೆ, ತಮ್ಮ ತಲೆ ಮೇಲೂ ಬೀಳಬಹುದು ಅಂತ ಮೊದಲ ಸಲ ಹೊಳೆಯಿತು. ಟ್ರೂಮನ್ ಸರ್ಕಾರ ನಾಗರಿಕ ರಕ್ಷಣೆಗೆ ಅಂತಲೇ ಒಂದು ಇಲಾಖೆ ತೆರೆಯಿತು. ಇಲಾಖೆ ಅಂದಮೇಲೆ ಏನಾದರೂ ಕೆಲಸ ಮಾಡಬೇಕಲ್ಲ. ಆಮೆ ಹುಟ್ಟಿತು.

ಅದೇ ಸಿನಿಮಾದಲ್ಲಿ ಒಂದು ಕುಟುಂಬ ಪಿಕ್ನಿಕ್‌ಗೆ ಹೋಗಿರುತ್ತದೆ. ಬಾಂಬಿನ ಬೆಳಕು ಕಂಡ ಕೂಡಲೇ ಹಾಸಿದ್ದ ಬಟ್ಟೆಯನ್ನೇ ಎಳೆದು ಮೈಮೇಲೆ ಹೊದ್ದುಕೊಳ್ಳುತ್ತಾರೆ. ಏನೂ ಸಿಗದಿದ್ದರೆ ನ್ಯೂಸ್ ಪೇಪರ್ ಆದರೂ ಸಾಕಂತೆ, ಸುಟ್ಟಗಾಯ ಕಡಿಮೆಯಾಗುತ್ತದೆ. ಬಾಂಬಿನ ಶಾಖವನ್ನು ಅವರು ಮಕ್ಕಳಿಗೆ ವಿವರಿಸಿದ ರೀತಿ ಕೇಳಿ: ಬಿಸಿಲಿಗೆ ಚರ್ಮ ಸುಡುತ್ತಲ್ಲ, ಅದಕ್ಕಿಂತ ಜಾಸ್ತಿ.

ಸುಳ್ಳು ಯಾಕೆ ಹೇಳಲಿ, ಡೆಸ್ಕಿನ ಕೆಳಗೆ ಕೂರೋದು ಪೂರ್ತಿ ದಡ್ಡತನವೇನಲ್ಲ. ಬಾಂಬು ಚಿಕ್ಕದಾಗಿದ್ದು, ನೀವು ಸಾಕಷ್ಟು ದೂರದಲ್ಲಿದ್ದರೆ ಕಿಟಕಿ ಗಾಜು ಚುಚ್ಚೋದಾದರೂ ತಪ್ಪುತ್ತದೆ. ಆದರೆ 1954ರ ಮಾರ್ಚ್ 1ರಂದು ಅಮೆರಿಕದವರೇ ಬಿಕಿನಿ ದ್ವೀಪದಲ್ಲಿ ಹಿರೋಶಿಮಾಕ್ಕಿಂತ ಸುಮಾರು ಸಾವಿರ ಪಟ್ಟು ದೊಡ್ಡ ಹೈಡ್ರೋಜನ್ ಬಾಂಬ್ ಸಿಡಿಸಿದರು. ಬಾಂಬು ಸಾವಿರ ಪಟ್ಟು ಬೆಳೆಯಿತು, ಡೆಸ್ಕು ಇದ್ದಷ್ಟೇ ಇತ್ತು.

ಸರ್ಕಾರಕ್ಕೂ ಒಳಗೊಳಗೆ ಗೊತ್ತಿತ್ತು ಅನ್ನಿಸುತ್ತದೆ. ಇಲ್ಲದಿದ್ದರೆ ನ್ಯೂಯಾರ್ಕಿನ ಶಾಲಾ ಮಕ್ಕಳಿಗೆ ಸೈನಿಕರ ಹಾಗೆ ಹೆಸರು ಕೆತ್ತಿದ ಲೋಹದ ಬಿಲ್ಲೆ ಯಾಕೆ ಹಂಚುತ್ತಿದ್ದರು? ಇಂಡಿಯಾನಾದ ಲೇಕ್ ಕೌಂಟಿಯಲ್ಲಂತೂ ಮಕ್ಕಳಿಗೆ ರಕ್ತದ ಗುಂಪನ್ನೇ ಹಚ್ಚೆ ಹಾಕಿದರು. ಕೈಗಲ್ಲ, ಕಂಕುಳ ಕೆಳಗೆ, ಪಕ್ಕೆಗೆ. ಕೈ ಉಳಿಯುತ್ತದೆ ಅನ್ನೋ ಗ್ಯಾರಂಟಿ ಇರಲಿಲ್ಲ ನೋಡಿ.

ಇನ್ನು ದೊಡ್ಡವರ ಕವಾಯತು. ವರ್ಷಕ್ಕೊಂದು ಸಲ ದೇಶವಿಡೀ ಬಾಂಬ್ ಬಿದ್ದ ಆಟ ಆಡುತ್ತಿದ್ದರು. ಸೈರನ್ ಕೂಗಿದರೆ ಬೀದಿ ಖಾಲಿಯಾಗಬೇಕು, ಇಲ್ಲದಿದ್ದರೆ ಶಿಕ್ಷೆ. 1955ರ ಜೂನಿನಲ್ಲಿ ನ್ಯೂಯಾರ್ಕಿನ ಸಿಟಿ ಹಾಲ್ ಮುಂದಿನ ಪಾರ್ಕಿನಲ್ಲಿ ಶಾಂತಿವಾದಿ ಡೊರೊಥಿ ಡೇ ಮತ್ತು ಸಂಗಡಿಗರು ಒಳಗೆ ಹೋಗಲ್ಲ ಅಂತ ಸುಮ್ನೆ ಬೆಂಚಿನ ಮೇಲೆ ಕೂತರು. ಕಲ್ಲು ಹೊಡೆಯಲಿಲ್ಲ, ಘೋಷಣೆ ಕೂಗಲಿಲ್ಲ, ಕೂತರು ಅಷ್ಟೇ. ಪೊಲೀಸರು ಎತ್ತಿಕೊಂಡು ಹೋದರು. ಅವತ್ತಿನ ಆಟದ ಲೆಕ್ಕದಲ್ಲಿ ನಗರದ ಲಕ್ಷಾಂತರ ಜನ ಆಗಲೇ ಸತ್ತುಹೋಗಿದ್ದರು, ಕಾಗದದ ಮೇಲೆ. ಜಡ್ಜ್ ಸಾಹೇಬರು ಕಟಕಟೆಯಲ್ಲಿ ನಿಂತಿದ್ದ ಇವರನ್ನು ನೋಡಿ, ಆ ಸಾವುಗಳಲ್ಲಿ ಪಾಲು ಇರುವ ಕೊಲೆಗಾರರು ನೀವು ಅಂತ ಬೈದರು. ಬೀಳದ ಬಾಂಬಿಗೆ ಸಾಯದೇ ಇದ್ದ ಜನರನ್ನು ಬೆಂಚಿನ ಮೇಲೆ ಕೂತು ಕೊಂದ ಆರೋಪ! ಕಾಗದದ ಮೇಲೆ ಸತ್ತವರೆಲ್ಲ ಸೈರನ್ ನಿಂತ ಮೇಲೆ ಬಸ್ಸು ಹಿಡಿದು ಮನೆಗೆ ಹೋದರು.

ಅದೇ ವರ್ಷ ನೆವಾಡಾದ ಮರುಭೂಮಿಯಲ್ಲಿ ಇನ್ನೊಂದು ಮಹತ್ವದ ಸಂಶೋಧನೆ ನಡೆಯಿತು. ಅಣುಬಾಂಬ್ ಬಿದ್ದರೆ ಬಿಯರ್ ಗತಿ ಏನು? ನಾನು ಕಟ್ಟಿದ ಕಥೆಯಲ್ಲ, ಅಮೆರಿಕದ ಅಣುಶಕ್ತಿ ಆಯೋಗದ ವರದಿಯೇ ಇದೆ. ಬಿಯರ್ ಮತ್ತು ಸೋಡಾದ ಬಾಟಲಿ, ಡಬ್ಬಿಗಳನ್ನು ಸ್ಫೋಟದ ಜಾಗದಿಂದ ಬೇರೆ ಬೇರೆ ದೂರದಲ್ಲಿ ಇಟ್ಟರು. ತೀರಾ ಹತ್ತಿರದವು ಸಾವಿರ ಅಡಿ ಚಿಲ್ಲರೆ. ನಿಜವಾದ ಬಾಂಬ್ ಸಿಡಿಸಿದರು. ಆಮೇಲೆ ಹೋಗಿ ಉಳಿದ ಬಾಟಲಿ ಎತ್ತಿಕೊಂಡು ಬಂದು ರುಚಿ ನೋಡಿದರು. ಕುಡಿಯಬಹುದು, ತುರ್ತಿಗೆ ನೀರಿನ ಬದಲು ನಡೆಯುತ್ತದೆ, ಹತ್ತಿರ ಇಟ್ಟದ್ದರ ರುಚಿ ಮಾತ್ರ ಒಂಚೂರು ಕೆಟ್ಟಿದೆ ಅಂತ ತೀರ್ಮಾನವಾಯಿತು. ಆ ದೂರದಲ್ಲಿ ಕುಡಿಯುವವನು ಉಳಿಯುತ್ತಾನಾ ಅನ್ನೋದು ಆ ವರದಿಯ ವ್ಯಾಪ್ತಿಗೆ ಬರಲಿಲ್ಲ.

1961ರ ಜುಲೈನಲ್ಲಿ ಕೆನಡಿ ಟಿವಿಯಲ್ಲಿ ಬಂದು ಬರ್ಲಿನ್ ಗಲಾಟೆಯ ಬಗ್ಗೆ ಮಾತಾಡುತ್ತಾ, ಅಡಗುದಾಣಗಳಿಗೆ ದುಡ್ಡು ಬೇಕು ಅಂದರು. ತಗೊಳ್ಳಿ, ಹಿತ್ತಲು ಹಿತ್ತಲಲ್ಲಿ ಗುಂಡಿ ತೋಡೋ ಹುಚ್ಚು ಶುರುವಾಯಿತು. ಪಕ್ಕದ ಮನೆಯವನು ನಮ್ಮ ಗುಂಡಿಗೆ ನುಗ್ಗಿದರೆ ಗುಂಡು ಹೊಡೆಯಬಹುದಾ ಅಂತ ಪಾದ್ರಿಗಳನ್ನು ಕೇಳಿದರು. ಒಬ್ಬ ಪಾದ್ರಿ, ಪರವಾಗಿಲ್ಲ ಹೊಡೀಬಹುದು ಅಂತ ಬರೆದೂ ಬಿಟ್ಟರು. ನೆರೆಹೊರೆಯವರನ್ನು ಪ್ರೀತಿಸು ಅನ್ನೋದಕ್ಕೂ ಷರತ್ತುಗಳು ಅನ್ವಯಿಸುತ್ತವೆ ಅಂತಾಯಿತು.

ಈ ಹುಚ್ಚಿನಲ್ಲಿ ನನಗೆ ತುಂಬಾ ಇಷ್ಟವಾದವರು ವಿಲ್ಲರ್ಡ್ ಲಿಬ್ಬಿ. ಸಾಮಾನ್ಯ ಮನುಷ್ಯರಲ್ಲ, 1960ರ ರಸಾಯನಶಾಸ್ತ್ರದ ನೊಬೆಲ್ ಅವರದ್ದು. ಲಾಸ್ ಏಂಜಲಿಸ್‌ನ ತಮ್ಮ ಮನೆಯಲ್ಲಿ ರೈಲ್ವೆ ಸ್ಲೀಪರ್ ಕಟ್ಟಿಗೆ, ಮರಳಿನ ಚೀಲ ಜೋಡಿಸಿ 30 ಡಾಲರಿನಲ್ಲಿ ಅಡಗುದಾಣ ಮಾಡಿ ತೋರಿಸಿದರು. ನೋಡಿ, ಬಡವರೂ ಬದುಕಬಹುದು ಅಂತ ಪತ್ರಿಕೆಗಳಲ್ಲಿ ಬರೆದರು. 1961ರ ನವೆಂಬರಿನಲ್ಲಿ ಅವರ ಮನೆಯಿದ್ದ ಬೆಲ್ ಏರ್ ಗುಡ್ಡಕ್ಕೆ ಕಾಡ್ಗಿಚ್ಚು ಬಿತ್ತು. ರಷ್ಯಾದ ಬಾಂಬಲ್ಲ, ಬರೀ ಒಣಹುಲ್ಲಿನ ಬೆಂಕಿ. ಅಡಗುದಾಣ ಬೂದಿಯಾಯಿತು. ದೇವರಿದ್ದಾನೆ ಅನ್ನೋದಕ್ಕೆ ಮಾತ್ರವಲ್ಲ, ಅವನಿಗೆ ಹಾಸ್ಯಪ್ರಜ್ಞೆಯೂ ಇದೆ ಅನ್ನೋದಕ್ಕೆ ಇದೇ ಸಾಕ್ಷಿ ಅಂತ ಇನ್ನೊಬ್ಬ ವಿಜ್ಞಾನಿ ಲಿಯೋ ಜಿಲಾರ್ಡ್ ನಕ್ಕರಂತೆ.

ಹಿತ್ತಲು ಇಲ್ಲದವರಿಗೆ ಸಾರ್ವಜನಿಕ ಅಡಗುದಾಣ. ದೊಡ್ಡ ಕಟ್ಟಡಗಳ ನೆಲಮಾಳಿಗೆಗೆ ಹಳದಿ ಕಪ್ಪು ಬೋರ್ಡ್ ಬಡಿದು, ಒಳಗೆ ಬಿಸ್ಕತ್ತಿನ ಡಬ್ಬ, ನೀರಿನ ಡ್ರಮ್ ಪೇರಿಸಿಟ್ಟರು. ಈ ಡ್ರಮ್ಮಿನ ವಿಷಯ ಸ್ವಲ್ಪ ಹತ್ತಿರದಿಂದ ನೋಡಬೇಕು. ಸುಮಾರು 66 ಲೀಟರ್ ಹಿಡಿಸುವ ಡ್ರಮ್, ಒಳಗೆ ಪ್ಲಾಸ್ಟಿಕ್ ಚೀಲ. ನೀರು ಕುಡಿದು ಖಾಲಿಯಾದ ಮೇಲೆ ಅದರ ಮೇಲೊಂದು ಸೀಟು ಕೂರಿಸಿದರೆ ಅದೇ ಕಕ್ಕಸು. ಹಾಗಾಗಿ ಎಲ್ಲರೂ ಮೊದಲು ಬೇಗ ಬೇಗ ನೀರು ಕುಡಿದು ಡ್ರಮ್ ಖಾಲಿ ಮಾಡಬೇಕು, ಕುಡಿದಷ್ಟೂ ಡ್ರಮ್ಮಿನ ಅವಸರ ಜಾಸ್ತಿಯಾಗುತ್ತದೆ. ಈ ಲೆಕ್ಕ ಹಾಕಿದ ಪುಣ್ಯಾತ್ಮನಿಗೆ ಬಡ್ತಿ ಸಿಕ್ಕಿರಬೇಕು. ಬಿಸ್ಕತ್ತು ಮಾತ್ರ ಬಾಂಬಿಗಿಂತ ಗಟ್ಟಿ. 2006ರಲ್ಲಿ ಬ್ರೂಕ್ಲಿನ್ ಸೇತುವೆಯ ಬುಡದಲ್ಲಿ ಯಾವುದೋ ಕೆಲಸಕ್ಕೆ ಹೋದ ನೌಕರರಿಗೆ ಮರೆತೇಹೋಗಿದ್ದ ಒಂದು ಉಗ್ರಾಣ ಸಿಕ್ಕಿತು. ಅಂದಾಜು 3,52,000 ಬಿಸ್ಕತ್ತು!

ಜನಕ್ಕೆ ಡ್ರಮ್ಮು. ಜನಪ್ರತಿನಿಧಿಗಳಿಗೆ?

ವೆಸ್ಟ್ ವರ್ಜೀನಿಯಾದ ಬೆಟ್ಟಗಳ ನಡುವೆ ಗ್ರೀನ್‌ಬ್ರಿಯರ್ ಅಂತ ಒಂದು ಐಷಾರಾಮಿ ಹೋಟೆಲ್. ಐಸೆನ್‌ಹೋವರ್ ಕಾಲದಲ್ಲಿ ಅದಕ್ಕೊಂದು ಹೊಸ ವಿಭಾಗ ಕಟ್ಟುವ ನೆಪದಲ್ಲಿ ಕೆಳಗೆ ಇಡೀ ಸಂಸತ್ತಿಗೆ ನೆಲದೊಳಗಿನ ಮನೆ ಕಟ್ಟಿದರು. 25 ಟನ್ನಿನ ಬಾಗಿಲು, ಸಾವಿರಕ್ಕೂ ಹೆಚ್ಚು ಹಾಸಿಗೆ, ಎರಡೂ ಸದನಗಳಿಗೆ ಸಭಾಂಗಣ. ಟಿವಿಯಲ್ಲಿ ಮಾತಾಡುವ ಜಾಗದಲ್ಲಿ ಹಿಂದೆ ಸಂಸತ್ ಭವನದ ದೊಡ್ಡ ಚಿತ್ರ. ಚಿತ್ರದಲ್ಲಿರುವ ಮರದ ಎಲೆಗಳನ್ನು ಋತುವಿಗೆ ತಕ್ಕಂತೆ ಬದಲಾಯಿಸಬಹುದಿತ್ತು. ಮೇಲೆ ಮರವೂ ಇರಲ್ಲ, ಭವನವೂ ಇರಲ್ಲ, ನೋಡೋಕೆ ಟಿವಿಯೂ ಇರಲ್ಲ, ಆದರೆ ಶರತ್ಕಾಲದಲ್ಲಿ ಹಸಿರೆಲೆ ಕಂಡರೆ ಮರ್ಯಾದೆ ಏನಾಗಬೇಕು? ಗುಟ್ಟು ಕಾಯಲು ಇದ್ದ ಸಿಬ್ಬಂದಿ ಟಿವಿ ರಿಪೇರಿಯವರ ವೇಷದಲ್ಲಿದ್ದರು, ಹೋಟೆಲಿನ ಟಿವಿಗಳನ್ನು ನಿಜವಾಗಲೂ ರಿಪೇರಿ ಮಾಡುತ್ತಿದ್ದರು. ಈ ಇಡೀ ಕಥೆಯಲ್ಲಿ ಜನಕ್ಕೆ ಉಪಯೋಗ ಆದ ಕೆಲಸ ಅಂದರೆ ಅದೊಂದೇ.

ಒಂದು ಸಣ್ಣ ತೊಡಕು. ವಾಷಿಂಗ್ಟನ್ನಿನಿಂದ ಅಲ್ಲಿಗೆ ಕಾರಿನಲ್ಲಿ ನಾಲ್ಕು ತಾಸಿನ ದಾರಿ. ರಷ್ಯಾದಿಂದ ಕ್ಷಿಪಣಿ ಬರಲು ಅರ್ಧ ಗಂಟೆ. ಮೂವತ್ತು ವರ್ಷ ಗುಟ್ಟಾಗಿಟ್ಟು, 1992ರಲ್ಲಿ ಪತ್ರಿಕೆಯವರು ಬಯಲು ಮಾಡಿದ ಮೇಲೆ ಅದನ್ನು ಮುಚ್ಚಿದರು. ಈಗ ಟಿಕೆಟ್ ತಗೊಂಡರೆ ಯಾರು ಬೇಕಾದರೂ ಒಳಗೆ ಹೋಗಿ ನೋಡಬಹುದು.

ಅಂಚೆ ಇಲಾಖೆಯವರೂ ಕೈಕಟ್ಟಿ ಕೂತಿರಲಿಲ್ಲ. ಅಣುಯುದ್ಧವಾದ ಮೇಲೆ ತುಂಬಿ ಕೊಡಲು ವಿಳಾಸ ಬದಲಾವಣೆಯ ಕಾರ್ಡ್ ಅಚ್ಚು ಹಾಕಿಸಿ ಇಟ್ಟಿದ್ದರು. ಕೂಸು ಹುಟ್ಟುವ ಮುಂಚೆ ಕುಲಾವಿ ಅಂತೀವಲ್ಲ, ಇದು ಊರೇ ಹೋದ ಮೇಲೆ ಮನೆ ನಂಬರು. ನಾನು ಬದುಕಿದ್ದೇನೆ ಅಂತ ನೆಂಟರಿಗೆ ತಿಳಿಸಲು ಇನ್ನೊಂದು ಕಾರ್ಡ್ ಬೇರೆ. ಪಿಂಚಣಿಗೆ ವರ್ಷ ವರ್ಷ ಬದುಕಿರುವ ಪತ್ರ ಕೊಡುವ ನಮ್ಮ ಹಿರಿಯರಿಗೆ ಇದೇನೂ ವಿಚಿತ್ರ ಅನ್ನಿಸಲಿಕ್ಕಿಲ್ಲ ಬಿಡಿ. 1982ರಲ್ಲಿ ಸಂಸತ್ತಿನ ಒಂದು ಸಮಿತಿಯ ಮುಂದೆ ಈ ಯೋಜನೆಯ ವಿಚಾರಣೆಯಾಯಿತು. ಕಾಗದ ಬರೆಯೋಕೆ, ಓದೋಕೆ ಅಷ್ಟು ಜನ ಎಲ್ಲಿ ಉಳಿದಿರ್ತಾರೆ ಸ್ವಾಮಿ ಅಂತ ಸದಸ್ಯರೊಬ್ಬರು ಕೇಳಿದರು.

ಅಂಚೆ ಅಧಿಕಾರಿ ನಗಲಿಲ್ಲ. ಉಳಿದವರಿಗೆ ಅವರವರ ಟಪಾಲು ತಲುಪುತ್ತದೆ ಅಂದರು.