ಕಂಠದಾನ: ಒಂಟೆಮರಿ

ನೆರೆಯಲ್ಲಿ ಒಂದೇ ದೋಣಿ ಹತ್ತಿದ ಬೆಕ್ಕು, ನಾಯಿ ಮುಂತಾದ ಪ್ರಾಣಿಗಳ ಅನಿಮೇಷನ್ ಚಿತ್ರ ‘ಫ್ಲೋ’ ಯಾವ ಭಾಷೆಯದು ಎಂದು ಕೇಳಿದವರಿಗೆ ‘ಅದರಲ್ಲಿ ಮಾತೇ ಇಲ್ಲ’ ಎಂದು ಹೇಳಿ ನೋಡಿ. ‘ಓ, ಮೂಕಿ ಚಿತ್ರ’ ಎಂದು ತೀರ್ಪು ಕೊಟ್ಟೇಬಿಡುತ್ತಾರೆ. ಮೈಯೆಲ್ಲ ಉರಿಯುತ್ತದೆ. ಮೂಕಿಯಲ್ಲಿ ಪಾತ್ರಗಳು ಬಾಯ್ತುಂಬ ಮಾತಾಡುತ್ತವೆ, ನಮಗೆ ಕೇಳಿಸುವುದಿಲ್ಲ, ಅಷ್ಟೆ. ನಡುನಡುವೆ ಅಕ್ಷರದ ಫಲಕ ಬೇರೆ. ಇಲ್ಲಿ ಸುಮಾರು 85 ನಿಮಿಷ ನೀರು ಮೊರೆಯುತ್ತದೆ, ದೋಣಿ ಕಿರುಗುಟ್ಟುತ್ತದೆ, ನಾಯಿ ಬೊಗಳುತ್ತದೆ. ಇಲ್ಲದಿರುವುದು ಮನುಷ್ಯರ ವಟವಟ ಒಂದೇ.

ಹೊಗಳುವವರೂ ಕಡಿಮೆಯಲ್ಲ. ಲಾಟ್ವಿಯಾದ ಗಿಂಟ್ಸ್ ಜಿಲ್ಬಲೋಡಿಸ್ ಪುಕ್ಕಟೆ ಸಿಗುವ ಬ್ಲೆಂಡರ್ ತಂತ್ರಾಂಶದಲ್ಲಿ ಮಾಡಿದರು, 2025ರಲ್ಲಿ ಆಸ್ಕರ್ ಬಂತು ಎನ್ನುವಲ್ಲಿಗೆ ಅವರ ಮಾತು ಮುಗಿಯಿತು. ಪುಕ್ಕಟೆ ಎಂದರೆ ತಂತಾನೇ ಆಗಿಬಿಡುತ್ತದೆ ಅಂತಲೋ ಏನೋ. ಇದರಲ್ಲಿ ಮೋಷನ್ ಕ್ಯಾಪ್ಚರ್, ಅಂದರೆ ನಿಜವಾದ ಚಲನೆಯನ್ನು ಯಂತ್ರದಲ್ಲಿ ಹಿಡಿದು ಪಾತ್ರಕ್ಕೆ ತೊಡಿಸುವ ಉಪಾಯ, ಇಲ್ಲ; ಬೆಕ್ಕಿನ ಒಂದೊಂದು ಹೆಜ್ಜೆಯನ್ನೂ ಕೈಯಲ್ಲೇ ಕೂರಿಸಬೇಕು. ಬೆಕ್ಕು ನಡೆಯುವಾಗ ಮುಂಗಾಲು ಊರಿದ ಜಾಗಕ್ಕೇ ಹಿಂಗಾಲು ಬಂದು ಬೀಳುತ್ತದೆ. ಅದು ನಾಲ್ಕು ಬೆರಳು ಆಚೆ ಬಿತ್ತೋ, ನಡಿಗೆ ಬೆಕ್ಕಿನದಾಗಿ ಉಳಿಯುವುದಿಲ್ಲ. ಊರಿದ ಪಾದ ಕೂದಲೆಳೆಯಷ್ಟು ಜಾರಿತೋ, ಬೆಕ್ಕು ನೆಲ ಬಿಟ್ಟು ತೇಲುತ್ತದೆ.

ಇರಲಿ, ಹೇಳಹೊರಟದ್ದು ಅದೇ ದೋಣಿಯಲ್ಲಿರುವ ಕಾಪಿಬಾರಾ ಎಂಬ ಪ್ರಾಣಿಯ ವಿಚಾರ. ಇಲಿ, ಹೆಗ್ಗಣ, ಅಳಿಲುಗಳ ಬಳಗದಲ್ಲೇ ಎಲ್ಲರಿಗಿಂತ ದೊಡ್ಡದು. ತೂಕ 50 ಕಿಲೋ ಮುಟ್ಟುತ್ತದೆ, ಮುಖದಲ್ಲಿ ಉಂಡು ಕೂತವರ ಸಮಾಧಾನ. ಈ ಚಿತ್ರದ ಧ್ವನಿ ವಿನ್ಯಾಸಕರು ಪ್ರಾಣಿಗಳ ನಿಜವಾದ ದನಿಯೇ ಬೇಕೆಂದು ಹೊರಟವರು; ಬೆಕ್ಕಿಗೆ ತಮ್ಮ ಮನೆಯ ಬೆಕ್ಕಿನದೇ ದನಿ ಹಾಕಿದರು. ಕಾಪಿಬಾರಾ ಮಾತ್ರ ಬಾಯಿ ಬಿಡಲೊಲ್ಲದು. ಕೊನೆಗೆ ಅದನ್ನು ನೋಡಿಕೊಳ್ಳುವವರು ಕಚಗುಳಿ ಇಡಬೇಕಾಯಿತು. ಹೊರಟ ದನಿಯೋ, ಕೀಚಲು! ಆ ಗಾತ್ರಕ್ಕೆ, ಆ ಗಾಂಭೀರ್ಯಕ್ಕೆ ಅದನ್ನು ಅಂಟಿಸಿದರೆ ಪ್ರಳಯದ ನಡುವೆ ಪ್ರೇಕ್ಷಕರು ಗೊಳ್ಳೆಂದಾರು. ದೊಡ್ಡ ಒಡಲಿನಿಂದ ದಪ್ಪ ದನಿಯೇ ಬರಬೇಕೆಂಬುದು ನಮ್ಮ ಕಿವಿಯ ಹಟ. ಹಾಗಾಗಿ ಒಂಟೆಮರಿಯ ದನಿ ತಂದು ಕೂರಿಸಿದರು. ಅಸಲಿ ಕಾಪಿಬಾರಾ ತನ್ನದೇ ಪಾತ್ರದ ಆಡಿಷನ್‌ನಲ್ಲಿ ಫೇಲಾಯಿತು. ಮರುಭೂಮಿಯ ಒಂಟೆ ನೆರೆನೀರಿನ ದೋಣಿಯಲ್ಲಿ ಕೂತು ಗುರುಗುಟ್ಟುತ್ತಿದೆ, ಯಾರಿಗೂ ಅನುಮಾನವಿಲ್ಲ. ಸಹಜ ಅಂದರೆ ಸಹಜ ಎಂದು ತಲೆದೂಗುವವರೇ ಎಲ್ಲ.

ಬೆಕ್ಕಿನ ದನಿಯಾದರೂ ಅಸಲಿ, ಒಪ್ಪೋಣ. ಆದರೆ ಬೆಳೆದ ಬೆಕ್ಕುಗಳು ತಮ್ಮತಮ್ಮಲ್ಲಿ ‘ಮಿಯಾವ್’ ಎನ್ನುವುದು ಅಪರೂಪ; ಆ ಸದ್ದು ಹೆಚ್ಚಾಗಿ ಮನುಷ್ಯರಿಗೆಂದೇ ಮೀಸಲು. ಚಿತ್ರದಲ್ಲೋ ಒಬ್ಬ ಮನುಷ್ಯನೂ ಇಲ್ಲ. ಅಂದರೆ ಅಷ್ಟು ಹೊತ್ತೂ ಅದು ಕರೆಯುತ್ತಿರುವುದು... ಬೇಡ ಬಿಡಿ. ಇದನ್ನು ವಿವರಿಸಲು ಹೋದರೆ, ‘ಹಾಗಾದರೆ ಮಾತಿದೆಯಲ್ಲ, ಸಬ್‌ಟೈಟಲ್ ಯಾಕಿಲ್ಲ?’ ಎಂದು ಕೇಳುವವರು ಕಾದೇ ಕೂತಿರುತ್ತಾರೆ.